ಶ್ರೀರಂಗಪಟ್ಟಣದಲ್ಲಿ ಕೂಗಿದ ಹೆಸರು

ಶ್ರೀರಂಗಪಟ್ಟಣ
14-11-2024, ಗುರುವಾರ

ತೊಂಡೇಬಾವಿಯ ರಾಮಲಕ್ಷ್ಮಮ್ಮಕ್ಕನವರಿಗೆ, ನಿಮ್ಮ ತಮ್ಮನ ಹೆಂಡತಿ ಅಮ್ಮಾಜಿ ಮಾಡುವ ನಮಸ್ಕಾರಗಳು.

ನಿಮ್ಮ ಮಂಡಿನೋವು ಹೇಗಿದೆ ಅಕ್ಕ? ಮಗ ಹರಿಕೃಷ್ಣ, ಸೊಸೆ ಶೋಭಾರಾಣಿ ಚೆನ್ನಾಗಿದ್ದಾರಾ? ಮೊಮ್ಮಗಳು ಚೈತನ್ಯಳ ಕೆಮ್ಮು ಹೋಯಿತಾ? ಎಲ್ಲರೂ ಸುಖವಾಗಿದ್ದೀರಿ ಎಂದೇ ನಂಬಿ ಮುಂದಿನದನ್ನು ಬರೆಯುತ್ತೇನೆ. ಕೂತುಕೊಂಡು ಓದಿ.

ನಿಮ್ಮ ತಮ್ಮ ಸಿಗುತ್ತಿಲ್ಲ.

ಮಂಗಳವಾರ ಏಕಾದಶಿ. ನಗರಗೆರೆಯಿಂದ ವ್ಯಾನಿನಲ್ಲಿ ಹದಿನಾಲ್ಕು ಜನ ಬಂದಿದ್ದೆವು. ರಂಗನಾಥನ ಗುಡಿ ಮುಂದೆ ಜನದ ನೂಕಿನಲ್ಲಿ ಅವರ ಕೈ ತಪ್ಪಿತು. ಇವತ್ತಿಗೆ ಮೂರು ದಿನ. ಪೊಲೀಸಿನವರು ಬರೆದುಕೊಂಡಿದ್ದಾರೆ. ಮಗ ರಮೇಶ್‌ಬಾಬು ಬಂದು, ಹರಿಗೋಲಿನವರ ಜೊತೆ ಹೊಳೆಯಲ್ಲಿ ಹುಡುಕುತ್ತಿದ್ದಾನೆ. ಹೊಳೆಯಲ್ಲಿ ಯಾಕೆ ಎಂದು ನಾನು ಕೇಳಲಿಲ್ಲ, ಅವನೂ ಹೇಳಲಿಲ್ಲ.

ನಾನು ಊರೊಳಗೆ ನಡೆಯುತ್ತಿದ್ದೇನೆ. ಗುಡಿ, ಎರಡು ಮಿನಾರಿನ ಮಸೀದಿ, ನೆಲಮಾಳಿಗೆಯ ಸೆರೆಮನೆ, ನೀರಿನ ಬಾಗಿಲು, ಬೇಸಿಗೆ ಅರಮನೆಯ ತೋಟ. ನಿನ್ನೆ ಗುಂಬಜ್, ಅಲ್ಲಿಂದ ಸಂಗಮ. ಕಾಲಲ್ಲಿ ಬೊಬ್ಬೆ ಎದ್ದಿದೆ. ಎಲ್ಲ ಕಡೆಯೂ "ಏನ್ರೀ, ಏನ್ರೀ" ಎಂದೇ ಕೂಗಿದೆ. ಅರಮನೆಯ ಕಾವಲಿನವನು ತಡೆದು, "ಅಜ್ಜಿ, ಹಿಂಗ್ ಕೂಗುದ್ರೆ ಇಲ್ಲಿರೋ ಗಂಡಸ್ರೆಲ್ಲ ತಿರುಗ್ ನೋಡ್ತಾರೆ. ಅಯ್ನೋರ್‌ಗೊಂದು ಹೆಸ್ರಿಲ್ವಾ?" ಅಂದ. ಇದೆಯಪ್ಪ, ನಾನು ಹೇಳೋ ಹಾಗಿಲ್ಲ ಎಂದೆ. ಅವನಿಗೆ ನಗುವುದೋ ಬಿಡುವುದೋ ತಿಳಿಯಲಿಲ್ಲ.

ಆಮೇಲೆ ನೀರಿನ ಬಾಗಿಲ ಬಳಿಗೆ ವಾಪಸು ಬಂದು ಕೂಗಿಯೇಬಿಟ್ಟೆ. ನರಸಿಂಹಪ್ಪಾ! ಮದುವೆಯಾಗಿ ನಲವತ್ತಾರು ವರ್ಷ, ಬಾಯಿಬಿಟ್ಟು ಹೇಳಿದ್ದು ಇದೇ ಮೊದಲು. ಗೋಡೆಗೆ ಬಡಿದು ನನ್ನ ದನಿಯೇ ತಿರುಗಿ ಬಂತು. ಆಗ ಹೊಳೆಯಿತು, ಆ ಹೆಸರಿಗೆ ಅವರು ಎರಡು ತಿಂಗಳಿಂದ ಓಗೊಡುತ್ತಿಲ್ಲ. ಮರೆವಿನ ಕಾಯಿಲೆ ಹೆಚ್ಚಾಗಿ ಕನ್ನಡವೇ ಹೋಗಿಬಿಟ್ಟಿದೆ ಅಕ್ಕ, ಚಿಕ್ಕಂದಿನ ತೆಲುಗೊಂದೇ ಉಳಿದಿದೆ. ಸಂಜೆಯಾದರೆ ಬಾಗಿಲಿಗೆ ಹೋಗಿ, "ಮಾ ಅಮ್ಮ ಪಿಲುಸ್ತಾ ಉಂದಿ" ಅನ್ನುತ್ತಾರೆ, ಅಮ್ಮ ಕರೀತಿದ್ದಾಳೆ ಅಂತ. ಏನೆಂದು ಕರೀತಿದ್ದಾಳೆ ಎಂದು ಕೇಳುವ ಬುದ್ಧಿ ನನಗೆ ಬರಲಿಲ್ಲ.

ನಾನು ಸೊಸೆಯಾಗಿ ಬರುವ ಹೊತ್ತಿಗೆ ನಿಮ್ಮಮ್ಮ ತೀರಿಕೊಂಡಿದ್ದರು. ಮಗನನ್ನು ಮನೆಯಲ್ಲಿ ಏನೆಂದು ಕರೆಯುತ್ತಿದ್ದರು? ಬಲ್ಲವರು ಈಗ ನೀವೊಬ್ಬರೇ.

"ನಿನ್ ಕೈಲಿ ಆಗಲ್ಲ ಕಣೇ, ನನ್ ತಮ್ಮನ್ನ ನನ್ ಹತ್ರ ಬಿಡು" ಎಂದು ನೀವು ಯುಗಾದಿಯಲ್ಲೇ ಅಂದಿರಿ. ನಾನು ಬಾಯಿಗೆ ಬಂದದ್ದು ಆಡಿದೆ. ಅಂದಿನಿಂದ ನೀವು ನಮ್ಮ ಫೋನ್ ಎತ್ತುವುದಿಲ್ಲ. ಮೊನ್ನೆಯಿಂದ ರಮೇಶ್‌ಬಾಬು ಮಾಡಿದ್ದನ್ನು ಹರಿಕೃಷ್ಣನೂ ಎತ್ತಲಿಲ್ಲ. ಅದಕ್ಕೇ ಈ ಕಾಗದವನ್ನು ವ್ಯಾನಿನ ಡ್ರೈವರ್ ತಿರುಮಲೇಶನ ಕೈಯಲ್ಲಿ ಕಳಿಸುತ್ತಿದ್ದೇನೆ. ನೀವು ನನ್ನ ಜೊತೆ ಮಾತಾಡಬೇಕಾಗಿಲ್ಲ. ಆ ಹೆಸರನ್ನು ಒಂದು ಚೀಟಿಯಲ್ಲಿ ಬರೆದು ಅವನಿಗೆ ಕೊಡಿ, ಅಲ್ಲೇ ಬಾಗಿಲಲ್ಲಿ ನಿಂತು ನನಗೆ ಫೋನಿನಲ್ಲಿ ಓದಿ ಹೇಳುತ್ತಾನೆ. ನಾನು ಮತ್ತೆ ಮೊದಲಿನಿಂದ ನಡೆಯುತ್ತೇನೆ.

ಇಂತಿ ನಿಮ್ಮ
ಅಮ್ಮಾಜಿ

ತಾ.ಕ.: ಇದನ್ನು ಚೈತನ್ಯಳ ಕೈಯಲ್ಲಿ ಓದಿಸಬೇಡಿ. ಜನದ ನೂಕಿನಲ್ಲಿ ಕೈ ತಪ್ಪಿತು ಎಂದು ಬರೆದದ್ದು ಸುಳ್ಳು. ಪೊಲೀಸಿಗೂ ಮಗನಿಗೂ ಅದನ್ನೇ ಹೇಳಿದ್ದೇನೆ. ನಾನು ಅಕ್ಷರ ಕಲಿತದ್ದು ರಮೇಶ್‌ಬಾಬುವಿನ ಪಾಠದ ಪುಸ್ತಕದಿಂದ. ಅದರಲ್ಲಿ ಈ ಕೋಟೆಯ ಪಾಠವಿತ್ತು. ಕಣ್ಣಾರೆ ನೋಡಬೇಕೆಂದು ಅಂದಿನಿಂದ ಆಸೆ. ಅವರಿಗೆ ಕಡಲೆಕಾಯಿ ಪೊಟ್ಟಣ ಕೊಟ್ಟು, ಸ್ನಾನಘಟ್ಟದ ಮೆಟ್ಟಿಲ ಮೇಲೆ ಕೂರಿಸಿ, ಇಲ್ಲೇ ಇರಿ ಎಂದು ಹೇಳಿ ಹೋದೆ. ಒಂದು ಗಂಟೆ ಯಾರ ಕೈಯನ್ನೂ ಹಿಡಿಯದೆ ನಡೆದೆ. ಸುಖವಾಗಿತ್ತು ಅಕ್ಕ. ಬೇಕಂತಲೇ ಸುತ್ತುಹಾದಿ ಹಿಡಿದು ಬಂದೆ. ಬಂದು ನೋಡಿದರೆ ಮೆಟ್ಟಿಲ ಮೇಲೆ ಅವರಿರಲಿಲ್ಲ. ನಿಮ್ಮ ಮನಸ್ಸಿಗೆ ಬಂದಷ್ಟು ಬೈದು ಬರೆಯಿರಿ, ಎಲ್ಲವನ್ನೂ ಓದುತ್ತೇನೆ. ಆದರೆ ಹೆಸರನ್ನು ಮೊದಲು ಬರೆಯಿರಿ. ಬೇಗ ಬರೆಯಿರಿ.