ಮೂವತ್ತೊಂದು ಚುಕ್ಕೆಗಳು

ಮಾರ್ಚ್ ೯, ಭಾನುವಾರ
ಬೆಳಿಗ್ಗೆ, ಅಡುಗೆಮನೆಯ ಮೇಜು

ನನ್ನ ಮುದ್ದಿನ ಜಗಳಗಂಟಿಗೆ,

ಮೊದಲೇ ಹೇಳಿಬಿಡುತ್ತೇನೆ, ನಾವು ಗೆದ್ದೆವು. ಕಥೆಯ ಕೊನೆಯನ್ನು ಮೊದಲು ಹೇಳಿದರೆ ನನ್ನಜ್ಜಿ ತಲೆಗೆ ಮೊಟಕುತ್ತಿದ್ದಳು. ಆದರೆ ಈ ಸುದ್ದಿಯನ್ನು ನಾಲ್ಕು ಪುಟ ಬಚ್ಚಿಡುವಷ್ಟು ಗಟ್ಟಿ ಹೊಟ್ಟೆ ನನ್ನದಲ್ಲ. ನಿನ್ನೆ ನಮ್ಮ ಗಿನಿಪಿಗ್ ಸಾಕುವವರ ಸಂಘದ ಸಭೆಯಲ್ಲಿ ಹತ್ತೊಂಬತ್ತು ಕೈ ನಮ್ಮ ಕಡೆ, ನಾಲ್ಕು ಆ ಕಡೆ. ಇನ್ನು ಮುಂದೆ ಸಂಘದಲ್ಲಿ ಯಾರೂ ಮರಿಗಾಗಿ ಬೂದಿ ಬಣ್ಣದ್ದಕ್ಕೆ ಬೂದಿ ಬಣ್ಣದ್ದನ್ನು ಕೂಡಿಸುವಂತಿಲ್ಲ. ನಿನ್ನಪ್ಪ ನಿನ್ನೆಯಿಂದ ನನ್ನನ್ನು ಲೀಡರಮ್ಮ ಅಂತಲೇ ಕರೆಯುತ್ತಿದ್ದಾರೆ. "ಲೀಡರಮ್ಮ, ಟೀ ಮಾಡ್ತೀರಾ?" ಅಂತ ಈಗಷ್ಟೇ ಕೇಳಿದರು. ಲೀಡರಮ್ಮ ಪತ್ರ ಬರೀತಿದ್ದಾರೆ, ನೀವೇ ಮಾಡಿ ಅಂದೆ.

ಮೂರು ವರ್ಷದಿಂದ ನೀನು ಬರೆಯುವುದು ಎರಡೇ ಸಾಲು. ಚೆನ್ನಾಗಿದ್ದೇನೆ, ಅಪ್ಪನ ಮಂಡಿ ಹೇಗಿದೆ. ನನಗೂ ಎರಡು ಮಂಡಿ ಇವೆ ಮಗಳೇ. ಇರಲಿ. ನಿನ್ನ ಪ್ರಾಣಿ ಆಸ್ಪತ್ರೆಯಲ್ಲಿ ಉದ್ದ ಪತ್ರ ಓದುವಷ್ಟು ಬಿಡುವು ಇದೆಯೋ ಇಲ್ಲವೋ, ಈ ಸಲ ಮಾಡಿಕೊಳ್ಳಬೇಕು.

ನಿನಗೆ ಗೊತ್ತಿರುವುದನ್ನೇ ಮೊದಲು ಬರೆಯುತ್ತೇನೆ, ಏಕೆಂದರೆ ಅದನ್ನು ನನ್ನ ಕೈಬರಹದಲ್ಲಿ ನೀನು ಓದಬೇಕು. ಬೂದಿ ಅಂದರೆ ಕಪ್ಪು ಮೈಯ ಮೇಲೆ ಯಾರೋ ಜರಡಿ ಹಿಡಿದು ಬೂದಿ ಉದುರಿಸಿದ ಹಾಗಿನ ಬಣ್ಣ. ಪ್ರಾಣಿ ಅಂಗಡಿಯವರು ಬೇರೆ ಬಣ್ಣ ಮುಟ್ಟುವ ಮೊದಲು ಅದನ್ನು ಎತ್ತಿಕೊಳ್ಳುತ್ತಾರೆ. ತಾಯಿಯೂ ಬೂದಿ, ತಂದೆಯೂ ಬೂದಿಯಾದರೆ ಬೂದಿ ಮರಿ ಹೆಚ್ಚು ಹುಟ್ಟುತ್ತವೆ ಎಂದು ನಾವೆಲ್ಲ ನಂಬಿದ್ದೆವು. ಹಾಗೆ ಕೂಡಿಸಿದಾಗ ನಾಲ್ಕರಲ್ಲಿ ಒಂದು ಮರಿ ಹಾಲಿನಂತೆ ಬೆಳ್ಳಗೆ ಹುಟ್ಟುತ್ತದೆ. ಕಣ್ಣು ಸಾಸಿವೆ ಕಾಳಿನಷ್ಟು, ಕಾಣಿಸದು. ಕಿವಿ ಕೇಳಿಸದು. ಹಲ್ಲು ಅಡ್ಡಾದಿಡ್ಡಿ. ಅಂಥವನ್ನು ನಾವು ಲೆಕ್ಕಕ್ಕೆ ಹಿಡಿಯುತ್ತಿರಲಿಲ್ಲ. ಬಿಸ್ಕತ್ತಿನ ಡಬ್ಬಿಯೊಳಗಿಟ್ಟು ಹಿತ್ತಿಲ ಕಟ್ಟೆಯ ಮೇಲೆ ಬಿಟ್ಟು ಬರುವುದು. ತಣ್ಣಗಾಗಲಿಕ್ಕೆ ಬಿಡೋದು ಎಂಬುದು ಅದಕ್ಕೆ ನಾವಿಟ್ಟುಕೊಂಡ ಹೆಸರು. ಕೊಲ್ಲುವುದು ಎಂದು ಒಬ್ಬರಾದರೂ ಹೇಳಿದ್ದು ನಾನು ಕೇಳಿಲ್ಲ. ಬಾಯಿ ಆಡದ ಮಾತಿಗೆ ಕೈ ಹೊಣೆಯಲ್ಲ ಅಂದುಕೊಂಡಿದ್ದೆವೇನೋ.

ಮೂರು ವರ್ಷದ ಹಿಂದಿನ ಆ ಮಧ್ಯಾಹ್ನ ನೀನು ಬಟ್ಟೆ ಒಣಹಾಕಲು ಹೋಗಿ ಡಬ್ಬಿ ನೋಡಿದೆ. ಕೈ ಹಾಕಲು ಹೋದಾಗ ನಾನು ಅಡ್ಡ ಬಂದು, ಅದು ಆಗಲೇ ಹೋಯಿತು ಎಂದೆ. ನೀನು ಕೂಗಾಡಲಿಲ್ಲ. "ಎಷ್ಟಮ್ಮ? ಇಷ್ಟು ವರ್ಷದಲ್ಲಿ ಎಷ್ಟು?" ಎಂದು ಮಾತ್ರ ಕೇಳಿದೆ. "ಲೆಕ್ಕಕ್ಕಿಲ್ಲದ್ದರ ಲೆಕ್ಕ ಕೇಳ್ತೀಯಲ್ಲೇ" ಎಂದು ನಕ್ಕುಬಿಟ್ಟೆ. ಆ ನಗು ಇವತ್ತಿಗೂ ನನ್ನ ಕಿವಿಯಲ್ಲಿದೆ. ನಾಲ್ಕು ಗಂಟೆಯ ಬಸ್ಸಿಗೆ ನೀನು ಹೊರಟುಹೋದೆ, ಹಸಿ ಬಟ್ಟೆ ಬಕೆಟ್ಟಿನಲ್ಲೇ ಇತ್ತು.

ನಿನ್ನ ಪ್ರಶ್ನೆಗೆ ಉತ್ತರ ಮೂವತ್ತೊಂದು.

ಹೇಗೆ ಗೊತ್ತು ಅಂತೀಯ? ಅದೇ ವಾರ ಹನ್ನೊಂದು ವರ್ಷದ ಹೆರಿಗೆ ಪುಸ್ತಕಗಳನ್ನು ಅಟ್ಟದಿಂದ ಇಳಿಸಿದೆ. ಬದುಕಿದ ಮರಿಗಳ ಬಣ್ಣ ಮಾತ್ರ ಬರೆದಿದ್ದೆ. ಆದರೆ ಕೆಲವು ಸಾಲುಗಳ ಅಂಚಿನಲ್ಲಿ ಸಣ್ಣ ಚುಕ್ಕೆ ಇತ್ತು, ಎರಡು ಕಡೆ ಜೋಡಿ ಚುಕ್ಕೆ. ನಾನೇ ಇಟ್ಟದ್ದು. ಯಾಕೆ ಇಟ್ಟೆ ಎಂದು ಕೇಳಿದರೆ ನನಗೆ ಗೊತ್ತಿಲ್ಲ, ಮನಸ್ಸು ಬೇಡ ಅಂದದ್ದನ್ನು ಪೆನ್ನು ಕೇಳಿರಲಿಲ್ಲ. ಎಣಿಸಿದೆ. ಆಮೇಲೆ ಆ ಚುಕ್ಕೆಗಳನ್ನೂ ಮರಿಗಳೆಂದೇ ಸೇರಿಸಿ, ಬೂದಿಗೆ ಬೂದಿ ಕೂಡಿಸಿದ ಹೆರಿಗೆಗಳನ್ನೆಲ್ಲ ಮತ್ತೆ ಎಣಿಸಿದೆ. ಬೂದಿ ಅರವತ್ತೊಂದು, ಕಪ್ಪು ಮೂವತ್ತು, ಬಿಳಿ ಮೂವತ್ತೊಂದು. ಅಂದರೆ ಹುಟ್ಟಿದ್ದರಲ್ಲಿ ಬೂದಿ ಸರಿಯಾಗಿ ಅರ್ಧ. ಬೂದಿಗೆ ಕಪ್ಪು ಕೂಡಿಸಿದ ಹೆರಿಗೆಗಳನ್ನು ನೋಡಿದೆ. ಅಲ್ಲಿ ಒಂದೂ ಚುಕ್ಕೆಯಿಲ್ಲ, ಬೂದಿ ಅಲ್ಲೂ ಅರ್ಧವೇ! ಬಿಳಿಯವನ್ನು ಬಿಟ್ಟು ಎಣಿಸುತ್ತಿದ್ದೆವಲ್ಲ, ಅದಕ್ಕೇ ಮೂರರಲ್ಲಿ ಎರಡು ಬೂದಿ ಎಂದು ಕಾಣುತ್ತಿತ್ತು. ಕಳ್ಳನನ್ನು ಕಾವಲಿಗಿಟ್ಟು ಮನೆಯಲ್ಲಿ ಕಳ್ಳತನವೇ ಇಲ್ಲ ಎಂದು ಬೀಗಿದ ಹಾಗಾಯಿತು ನಮ್ಮ ಕಥೆ.

ಆ ದಿನವೇ ನಮ್ಮ ಮನೆಯ ಜೋಡಿಗಳನ್ನು ಬೇರ್ಪಡಿಸಿದೆ. ಆದರೆ ಸಂಘದಲ್ಲಿ ಬಾಯಿ ಬಿಡಲಿಲ್ಲ. ಸತ್ಯ ತಿಳಿಯಲು ಒಂದು ಸಂಜೆ ಸಾಕಾಯಿತು, ಹೇಳಲು ಮೂರು ವರ್ಷ ಬೇಕಾಯಿತು. ನಿನ್ನ ತಾಯಿ ಹೇಡಿ ಎಂದು ಇಲ್ಲಿ ಒಂದು ಚುಕ್ಕೆ ಇಟ್ಟುಕೋ.

ಹೋದ ತಿಂಗಳು ಅಂಗಡಿಯಾತ, ಅದೇ ನಿನ್ನನ್ನು ಚಿಕ್ಕಂದಿನಲ್ಲಿ ಡಾಕ್ಟರಮ್ಮ ಎಂದು ರೇಗಿಸುತ್ತಿದ್ದವ, ಹೊಸ ಯೋಜನೆ ತಂದ. ಶಾಲೆಗೆ ರಜೆ ಬರುತ್ತಿದೆ, ಮಕ್ಕಳೆಲ್ಲ ಬೂದಿ ಕೇಳುತ್ತಾರೆ, ಸಂಘದವರೆಲ್ಲ ಬೂದಿಗೆ ಬೂದಿಯನ್ನೇ ಕೂಡಿಸಬೇಕು, ಹಾಗೆಂದು ನಿಯಮವೇ ಆಗಲಿ ಎಂದ. ಸಭೆ ನಿಗದಿಯಾಯಿತು. ನಾನು ಹೆರಿಗೆ ಪುಸ್ತಕಗಳನ್ನು ಚೀಲಕ್ಕೆ ಹಾಕಿಕೊಂಡೆ. ನಿನ್ನಪ್ಪ ತಮ್ಮ ಉಣ್ಣೆ ಟೋಪಿಯೊಳಗೆ ಹಿಟ್ಟುವನ್ನು ಇಟ್ಟುಕೊಂಡು ಹಿಂದೆ ಬಂದರು.

ಹಿಟ್ಟು ಯಾರು ಅಂತೀಯ. ಒಂದು ಬಿಳಿ ಗಿನಿಪಿಗ್. ಎಲ್ಲಿಂದ ಬಂತು ಎಂದು ಈಗಲೇ ಕೇಳಬೇಡ, ಸ್ವಲ್ಪ ತಾಳು. ಫ್ರಿಜ್ಜಿನ ಬಾಗಿಲು ತೆಗೆದರೆ ಉಳಿದವೆಲ್ಲ ಸೀಟಿ ಹೊಡೆದು ಸೊಪ್ಪು ಕೇಳುತ್ತವೆ, ಇದಕ್ಕೆ ಏನೂ ಕೇಳದು. ಆದರೆ ಹಲಗೆ ನಡುಗುವುದರಿಂದಲೇ ನನ್ನ ಹೆಜ್ಜೆ ಯಾವುದು, ನಿನ್ನಪ್ಪನ ಕುಂಟು ಹೆಜ್ಜೆ ಯಾವುದು ಎಂದು ಅದಕ್ಕೆ ಗೊತ್ತು. ಅಪ್ಪನ ಹೆಜ್ಜೆಗೆ ಎದ್ದು ನಿಲ್ಲುತ್ತದೆ. ನನಗೆ ಆ ಮರ್ಯಾದೆ ಇಲ್ಲ. ತಿಂಗಳಿಗೊಮ್ಮೆ ಬಸ್ಸಿನಲ್ಲಿ ಒಯ್ದು ಹಲ್ಲು ಕತ್ತರಿಸಿಕೊಂಡು ಬರುವವಳು ನಾನು, ಅದಕ್ಕಿರಬೇಕು.

ಗ್ರಂಥಾಲಯದ ಮೇಲಿನ ಹಾಲಿನಲ್ಲಿ ಮಡಚುವ ಕುರ್ಚಿ ಹಾಕಿದ್ದರು. ಅಧ್ಯಕ್ಷರು ಈಗಲೂ ಆ ಗಡಿಯಾರ ರಿಪೇರಿಯವರೇ, ಕಣ್ಣಿಗೆ ಸಿಕ್ಕಿಸಿಕೊಳ್ಳುವ ಭೂತಗನ್ನಡಿಯಲ್ಲಿ ಗಿನಿಪಿಗ್ ಕೂದಲು ನೋಡುವವರು. ನಾನು ಲೆಕ್ಕ ಓದಿ, ಬೂದಿಗೆ ಬೂದಿ ಕೂಡಿಸುವುದನ್ನೇ ನಿಲ್ಲಿಸೋಣ ಎಂದೆ. ಹಿಂದಿನ ಸಾಲಿನಲ್ಲಿ ಗುಸುಗುಸು. ಅಂಗಡಿಯಾತ ಎದ್ದು, "ಜನ ಕೇಳ್ತಾರೆ, ನಾವು ಕೊಡ್ತೀವಿ. ಅಕ್ಕಂಗೆ ವಯಸ್ಸಾಯ್ತು, ಮನಸ್ಸು ಮೆತ್ತಗಾಗಿದೆ" ಎಂದ. "ಮನಸ್ಸು ಮೆತ್ತಗಾಗೋಕೆ ವಯಸ್ಸು ಬೇಕು ಅಂದ್ರೆ ನಿಂಗಿನ್ನೂ ಟೈಮಿದೆ ಬಿಡಪ್ಪ" ಎಂದೆ. ಎಲ್ಲರೂ ನಕ್ಕರು. ಆ ನಗುವಿನಲ್ಲೇ ಹಿಟ್ಟುವನ್ನು ಮೇಜಿನ ಮೇಲೆ ಬಿಟ್ಟೆ. "ಜನ ಬೂದಿ ಕೇಳಿದ್ರು, ನಿಜ. ಇದನ್ನ ಕೇಳಿದ್ರಾ?" ಎಂದೆ. ಮನೆಯಿಂದ ಯೋಚಿಸಿಕೊಂಡು ಹೋಗಿದ್ದ ಉದ್ದ ಭಾಷಣವೆಲ್ಲ ಮರೆತೇ ಹೋಯಿತು.

ಹಿಟ್ಟು ಮೂಗಾಡಿಸುತ್ತ ಮೇಜಿನ ಅಂಚಿನವರೆಗೆ ನಡೆಯಿತು, ನಿಂತಿತು, ತಿರುಗಿತು. ಅಧ್ಯಕ್ಷರು ಭೂತಗನ್ನಡಿ ಸಿಕ್ಕಿಸಿಕೊಂಡು ಅದರ ಕಣ್ಣನ್ನು ಬಹಳ ಹೊತ್ತು ಹುಡುಕಿದರು. ಆಮೇಲೆ ಕನ್ನಡಿ ತೆಗೆದು ಅಂಗಿಯ ತುದಿಯಿಂದ ಒರೆಸುತ್ತ, ಯಾರನ್ನೂ ನೋಡದೆ, "ನಮ್ಮನೇಲಿ ಒಂಬತ್ತು" ಅಂದರು.

ಹಿಂದಿನಿಂದ ಯಾರೋ ನಾಲ್ಕು ಅಂದರು. ನಿನಗೆ ಗಣಿತ ಕಲಿಸಿದ ಟೀಚರಮ್ಮ ಎರಡೂ ಕೈಯ ಬೆರಳು ಬಿಡಿಸಿ ತೋರಿಸಿದರು, ಮಡಚಿದರು, ಮತ್ತೆ ಮೂರು ಬಿಡಿಸಿದರು. ಒಬ್ಬೊಬ್ಬರಾಗಿ ಬೆರಳು ಎದ್ದವು. ಮತಕ್ಕೆ ಕೈ ಎತ್ತಿ ಎಂದು ಅಧ್ಯಕ್ಷರು ಹೇಳುವ ಹೊತ್ತಿಗೆ ಅರ್ಧ ಕೈ ಮೇಲೇ ಇದ್ದವು. ಹುಟ್ಟಿದ ಪ್ರತಿ ಮರಿಯನ್ನೂ, ಬದುಕಲಿ ಬಿಡಲಿ, ಪುಸ್ತಕದಲ್ಲಿ ಬರೆಯಲೇಬೇಕು ಎಂಬ ಎರಡನೆಯ ನಿಯಮ ಟೀಚರಮ್ಮನದು. ಅದೂ ಪಾಸಾಯಿತು.

ಲೆಕ್ಕದಿಂದ ಗೆದ್ದೆವೋ ಹಿಟ್ಟುವಿನಿಂದ ಗೆದ್ದೆವೋ ಎಂದು ದಾರಿಯುದ್ದಕ್ಕೂ ಯೋಚಿಸಿದೆ. ಲಾಭವಿಲ್ಲ ಎಂದು ತಿಳಿದ ಮೇಲೆ ನ್ಯಾಯ ಸುಲಭ. ಲಾಭ ಇದ್ದಿದ್ದರೂ ಬೇಡ ಅನ್ನುತ್ತಿದ್ದೆವಾ? ಬೆರಳುಗಳನ್ನು ನೋಡಿದ ಮೇಲೆ, ಹೌದು ಎನ್ನುವ ಧೈರ್ಯ ನನಗಿದೆ.

ನಾನು ಈಗಲೂ ಮರಿ ಮಾರುತ್ತೇನೆ, ಕಡಿಮೆ. ಒಂಟಿ ಮರಿ ಕೊಡುವುದಿಲ್ಲ, ಜೋಡಿಯೇ. ಕೊಳ್ಳುವವರು ಎರಡು ಸಲ ಬಂದು, ಗೂಡು ತೊಳೆದು ತೋರಿಸಬೇಕು. ಎಷ್ಟೋ ಜನ ಎರಡನೆಯ ಸಲ ಬರುವುದೇ ಇಲ್ಲ, ಒಳ್ಳೆಯದೇ ಆಯಿತು. ಮಾರುವುದೇ ತಪ್ಪು ಎಂದು ನೀನು ಅನ್ನುತ್ತೀಯ, ಗೊತ್ತು. ಅದನ್ನು ಪತ್ರದಲ್ಲಿ ಬರೆಯಬೇಡ. ಮನೆಗೆ ಬಂದು, ಎದುರಿಗೆ ಕೂತು, ಜೋರಾಗಿ ಜಗಳವಾಡು.

ಬಾಗಿಲು ತೆರೆದೇ ಇಟ್ಟಿರುವ,
ನಿನ್ನ ಅಮ್ಮ

ಮರೆತ ಮಾತು: ಮರೆತಿರಲಿಲ್ಲ, ಬರೆಯಲು ಕೈ ಬಂದಿರಲಿಲ್ಲ. ಸಭೆಯಲ್ಲೂ ನಿನಗೂ ಮೂವತ್ತೊಂದು ಎಂದೆನಲ್ಲ, ತಣ್ಣಗಾದದ್ದು ಮೂವತ್ತೇ. ಆ ಮಧ್ಯಾಹ್ನ ಡಬ್ಬಿಯಲ್ಲಿದ್ದದ್ದು ಹೋಗಿರಲಿಲ್ಲ. ಬದುಕಿದ್ದದ್ದನ್ನು ಹೋಯಿತು ಎಂದು ನಿನಗೆ ಸುಳ್ಳು ಹೇಳಿದೆ. ನಿನ್ನ ಬಸ್ಸು ಹೊರಟ ಮೇಲೆ, ಅಷ್ಟು ಹೊತ್ತಿಗೆ ಹೋಗಿರುತ್ತದೆ ಎಂದುಕೊಂಡು ಡಬ್ಬಿ ಎತ್ತಲು ಹೋದೆ, ಬೆರಳಿಗೆ ಏನೋ ಬಿಸಿ ತಾಗಿತು. ಹಿಟ್ಟು ಈಗ ನನ್ನ ಮಡಿಲಲ್ಲಿದೆ, ಈ ಹಾಳೆಯ ಮೂಲೆ ತಿಂದದ್ದು ಅದೇ. ಇದಕ್ಕೆ ನಿನ್ನ ಹೆಜ್ಜೆ ಇನ್ನೂ ಪರಿಚಯವಿಲ್ಲ. ಬೇಗ ಬಾ.