ಹಸಿರು ಕಳೆದುಕೊಂಡ ಚಕ್ರವರ್ತಿಗಳು

ಮೀಸೆ,

ಅಕ್ಕ ನಿನ್ನನ್ನು ಹಾಗೇ ಕರೆಯುತ್ತಿದ್ದಳು. ಬೇರೆ ಸಂಬೋಧನೆ ನನ್ನ ಕೈಗೆ ಬರುತ್ತಿಲ್ಲ.

ಕಳೆದ ಮಾರ್ಚ್ ಆರನೇ ತಾರೀಖು, ನೀನು ಮುಖ್ಯಸ್ಥನಾಗಿರುವ ಮ್ಯೂಸಿಯಂನಲ್ಲಿ, ಅಕ್ಕ ಸಾಯುವ ಮೊದಲು ದಾನ ಕೊಟ್ಟ ಇನ್ನೂರ ಹನ್ನೆರಡು ರೋಮನ್ ಕಂಚಿನ ನಾಣ್ಯಗಳನ್ನು ನೀನು ಆಮ್ಲದಲ್ಲಿ ಅದ್ದಿಸಿದೆ. ಪ್ರದರ್ಶನದ ಉದ್ಘಾಟನೆಗೆ ಹೊಳೆಯಬೇಕಿತ್ತಂತೆ. ಹೊಳೆದವು, ಮುಖಗಳು ಹೋದವು. ಈಗ ಗಾಜಿನ ಕಪಾಟಿನ ಪಕ್ಕ ಫಲಕವಿದೆ: ‘ದಾನಿಯಿಂದ ಬಂದಾಗಲೇ ಸವೆದಿದ್ದವು.’

ಅದನ್ನು ಎರಡು ಸಲ ಓದಿದೆ. ಸಿಟ್ಟು ಬರಬಹುದೆಂದು ಸ್ವಲ್ಪ ಹೊತ್ತು ಕಾದೆ. ಬರಲಿಲ್ಲ. ಅಲ್ಲಿ ಆಮ್ಲದ ಬಟ್ಟಲು ತೊಳೆದಾಕೆ ಹತ್ತಿರ ಬಂದು, “ನೀರೆಲ್ಲ ಹಸಿರಾಯ್ತು ಸಾರ್, ಸಾಹೇಬ್ರೇ ನಿಂತು ನೋಡ್ತಿದ್ರು” ಅಂದಳು. ತಲೆಯಾಡಿಸಿದೆ. ಮನೆಗೆ ಬಂದು ಕಾಲುಚೀಲ ಒಗೆದು ಹಾಕಿದೆ.

ಹನ್ನೊಂದು ವರ್ಷ, ಭಾನುವಾರ ತಪ್ಪದೆ, ನೀನು ನಮ್ಮ ಮೇಜಿನ ಎದುರು ಕೂತಿದ್ದವನು. ಕೃತಕ ಹಲ್ಲು ತಯಾರಿಸುವ ಕೆಲಸದಿಂದ ಕೆಂಪಾದ ಕಣ್ಣಿಗೇ ಮತ್ತೆ ಭೂತಗನ್ನಡಿ ಹಿಡಿದು, ಅಕ್ಕ ಕಂಚಿನ ಮೇಲೆ ಕಟ್ಟಿದ ಹಸಿರು ಪದರ ಕೆಡದಂತೆ ಮುಳ್ಳಿನ ತುದಿಯಿಂದ ಮಣ್ಣು ಬಿಡಿಸುತ್ತಿದ್ದಳು. ಕೆಲವು ನಾಣ್ಯಕ್ಕೆ ಮೂರು ತಿಂಗಳು. “ಆಮ್ಲದಲ್ಲಿ ಅದ್ದಿಬಿಡಿ ಅಕ್ಕಾ, ಪೀಡೆ ಕಳೀತು” ಎಂದು ನೀನು ಅಂದಾಗ ಅವಳು ತಲೆ ಎತ್ತದೆ ಹೇಳಿದ್ದು ನೆನಪಿದೆಯೇ? “ಈ ಹಸಿರೇ ಚಕ್ರವರ್ತಿಯ ಚರ್ಮ ಕಣೋ. ಚರ್ಮ ಸುಲಿದು ಮುಖ ಹುಡುಕ್ತೀಯಾ?”

ಆ ನಾಣ್ಯಗಳು ರೋಮ್ ನಗರದಲ್ಲಿ ಅಚ್ಚಾದವಲ್ಲ. ದೂರದ ಪ್ರಾಂತ್ಯಗಳ ಊರುಗಳು ತಮಗಾಗಿ ಹೊಡೆಸಿಕೊಂಡವು. ಚಕ್ರವರ್ತಿಯನ್ನು ಕಣ್ಣಾರೆ ಕಾಣದ ಕೆಲಸಗಾರ ತನಗೆ ಗೊತ್ತಿದ್ದ ಮೂಗನ್ನೇ ಕೊರೆದಿರುತ್ತಿದ್ದ. ಅದಕ್ಕೇ ಅಕ್ಕನಿಗೆ ಅವು ಇಷ್ಟ. ಗೋರ್ಡಿಯನ್ ಚಕ್ರವರ್ತಿಯನ್ನು ತೋರಿಸಿ, “ನೋಡೋ ಮೀಸೆ, ನಮ್ಮ ಕ್ಷೌರದಂಗಡಿಯವನಿಗೆ ಕಿರೀಟ ಇಟ್ಟ ಹಾಗಿಲ್ವಾ?” ಎಂದಾಗ ನೀನು ಕಣ್ಣೊರೆಸಿಕೊಂಡು ನಕ್ಕಿದ್ದೆ.

ಒಂದು ನಾಣ್ಯ ಮಾತ್ರ ನಿನ್ನ ಆಮ್ಲದ ಬಟ್ಟಲಿಗೆ ಬೀಳಲಿಲ್ಲ. ಅದು ಅವಳ ಕನ್ನಡಕದ ಪೆಟ್ಟಿಗೆಯಲ್ಲೇ ಉಳಿದಿತ್ತು. ಅದರ ಮೇಲೆ ಕರಕಲ್ಲಾ ಮತ್ತು ಗೇಟಾ, ಒಟ್ಟಿಗೆ ಆಳಿದ ಅಣ್ಣತಮ್ಮ ಚಕ್ರವರ್ತಿಗಳು, ಎದುರುಬದುರು. ಅಣ್ಣ ತಮ್ಮನನ್ನು ಕೊಲ್ಲಿಸಿದ ಮೇಲೆ ಯಾರೋ ಉಳಿ ಹಿಡಿದು ತಮ್ಮನ ಮುಖ ಕೆತ್ತಿ ತೆಗೆದಿದ್ದಾನೆ. ಆದರೆ ಅವನು ‘ಮೊದಲೇ ಸವೆದಿತ್ತು’ ಎಂದು ಬರೆದಿಡಲಿಲ್ಲ. ಗಾಯವನ್ನು ಗಾಯವಾಗಿಯೇ ಬಿಟ್ಟ. ಸಾವಿರದ ಎಂಟುನೂರು ವರ್ಷ ಕಳೆದರೂ ಅಲ್ಲಿ ಯಾರಿದ್ದರೆಂದು ನಮಗೆ ಗೊತ್ತು.

ನೀನು ಇನ್ನೊಂದನ್ನು ಮರೆತಿದ್ದೀಯ. ಅಕ್ಕ ಯಾವ ನಾಣ್ಯವನ್ನೂ ಅಚ್ಚು ತೆಗೆಯದೆ ಮನೆಯಿಂದ ಕಳಿಸಿದವಳಲ್ಲ. ಹಲ್ಲಿನ ಅಚ್ಚಿಗೆ ಬಳಸುವ ಬಿಳಿ ಪ್ಲಾಸ್ಟರ್‌ನಲ್ಲಿ ಇನ್ನೂರ ಹನ್ನೆರಡು ಮುಖಗಳು, ಹಿಂದೆ ಅವಳ ಕೈಬರಹದಲ್ಲಿ ತಾರೀಖು. ಅವು ಈಗ ನನ್ನ ಮೇಜಿನ ಮೇಲಿವೆ. ಕ್ಷೌರಿಕನ ಮೂಗು ಮುಕ್ಕಾಗಿಲ್ಲ.

ಆ ಫಲಕದ ಪ್ರಕಾರ ನನ್ನ ಅಕ್ಕ ಕಸ ಕೂಡಿಟ್ಟು ಕಸ ದಾನ ಮಾಡಿದವಳು. ಆ ಫಲಕ ಅಲ್ಲಿರಬಾರದು. ಅಚ್ಚುಗಳನ್ನು ತಂದುಕೊಡುತ್ತೇನೆ, ನಾಣ್ಯಗಳ ಪಕ್ಕ ಇಡಿಸು. ಆಮ್ಲದಲ್ಲಿ ಅದ್ದಿಸಿದ್ದು ಯಾರು, ಯಾವತ್ತು, ಯಾಕೆ ಎಂದು ಅದೇ ಗೋಡೆಯ ಮೇಲೆ, ಅದೇ ಗಾತ್ರದ ಅಕ್ಷರದಲ್ಲಿ ಬರೆಸು.

ನಿನ್ನ ಆರೋಗ್ಯ ಚೆನ್ನಾಗಿರಲಿ, ದನಿ ಗಟ್ಟಿಯಾಗಿರಲಿ. ಆ ಗೋಡೆಬರಹವನ್ನು ನೀನೇ ಜನರೆದುರು ನಿಂತು ಓದಬೇಕು.

ಇಂತು,
ಅವಳ ತಮ್ಮ