ಎಡಗೆನ್ನೆಯ ವಿಭೂತಿ

ಕುಷ್ಟಗಿ
೨೦ ಅಕ್ಟೋಬರ್ ೨೦೨೪, ರವಿವಾರ

ಪ್ರೀತಿಯ ನಮ್ಮ ಮನೆಯವರಿಗೆ ಭವಾನಿಯ ನಮಸ್ಕಾರ.

ಹೇಗಿದ್ದೀರಿ? ಸೊಂಟನೋವು ಕಡಿಮೆಯಾಯಿತೋ, ಇಲ್ಲ ಆ ಭತ್ತ ಕೊಯ್ಯುವ ಮಷೀನಿನ ಸೀಟಿನ ಮೇಲೆ ಇನ್ನೂ ದಿಂಬು ಹಾಕಿಕೊಂಡೇ ಕೂರುತ್ತೀರೋ? ನಿಜಾಮಾಬಾದಿನ ಕಡೆ ಗದ್ದೆ ಇನ್ನೂ ಹಸಿ ಇದೆ, ಕೆಲಸ ತಡವಾಗುತ್ತಿದೆ ಎಂದು ಯಮನೂರ ಹೇಳಿದ. ನಾಳೆ ಅವನೂ ನಿಮ್ಮ ಮಷೀನಿನ ಕೆಲಸಕ್ಕೇ ಹೊರಟಿದ್ದಾನಲ್ಲ, ಅವನ ಕೈಯಲ್ಲೇ ಈ ಪತ್ರ ಕೊಡುತ್ತಿದ್ದೇನೆ. ಜೊತೆಗೆ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಇವೆ. ದಾರಿಯಲ್ಲಿ ಅವನೇ ಮುಗಿಸದಿದ್ದರೆ ನಿಮಗೆ ಮುಟ್ಟೀತು. ಫೋನ್ ಇರುವ ಕಾಲದಲ್ಲಿ ಇವಳಿಗೇನು ಪತ್ರದ ಹುಚ್ಚು ಎಂದು ನಗಬೇಡಿ. ಫೋನಿನಲ್ಲಿ ನೀವು ಮಷೀನಿನ ಸದ್ದಿನ ನಡುವೆ "ಅವ್ವ ಉಂಡ್ಲಾ?" ಎನ್ನುತ್ತೀರಿ, ನಾನು ಹ್ಞೂಂ ಎನ್ನುತ್ತೇನೆ, ಅಲ್ಲಿಗೆ ಮಾತು ಮುಗಿಯಿತು. ಆ ಹ್ಞೂಂ ಒಂದು ತಿಂಗಳಿಂದ ಸುಳ್ಳು. ಅದನ್ನು ಹೇಳಲಿಕ್ಕೇ ಕೂತಿದ್ದೇನೆ. ಪೂರ್ತಿ ಓದಿದ ಮೇಲೆ ಸಿಟ್ಟಾಗಿರಿ, ನಡುವೆ ಬೇಡ.

ಅತ್ತೆಗೆ ಮರೆವಿನ ಕಾಯಿಲೆ ಶುರುವಾಗಿ ಈ ದೀಪಾವಳಿಗೆ ನಾಲ್ಕು ವರ್ಷ. ಮೊದಲು ನನ್ನ ಹೆಸರು ಹೋಯಿತು, ಆಮೇಲೆ ಮಾವ ತೀರಿಕೊಂಡದ್ದು ಹೋಯಿತು, ಈಗ ಬಚ್ಚಲ ಯಾವ ಕಡೆ ಎಂಬುದೂ ಹೋಗಿದೆ. ಉಳಿದದ್ದು ಲಿಂಗಪೂಜೆ ಒಂದೇ. ಕೊರಳಿನ ಕರಡಿಗೆ ಬಿಚ್ಚಿ, ಲಿಂಗವನ್ನು ಅಂಗೈಯಲ್ಲಿಟ್ಟುಕೊಂಡರೆ ಆ ಕೈಗಳಿಗೆ ಯಾರೂ ಏನೂ ಹೇಳಿಕೊಡಬೇಕಿಲ್ಲ, ನೀರು, ವಿಭೂತಿ, ಪತ್ರಿ ಎಲ್ಲ ತಾವಾಗಿಯೇ ನಡೆಯುತ್ತವೆ. ಪೂಜೆಯಾಗದೆ ಬಾಯಿಗೆ ಹನಿ ನೀರು ಹಾಕದ ಜೀವ ಅದು, ನಿಮಗೆ ಗೊತ್ತಿದ್ದದ್ದೇ. ನೀವು ಹೋದ ಎರಡನೇ ವಾರಕ್ಕೆ ಹೊಸದೊಂದು ಶುರುವಾಯಿತು. ಪೂಜೆ ಮುಗಿಸಿ, ನಾನು ತಾಟು ತಂದಿಟ್ಟರೆ ಸೆರಗಿನಿಂದ ಬಾಯಿ ಮುಚ್ಚಿಕೊಂಡು "ಇನ್ನೂ ಪೂಜಿ ಆಗಿಲ್ಲವ್ವಾ" ಎನ್ನತೊಡಗಿದರು. ಈಗ ತಾನೇ ಆಯಿತಲ್ಲ ಎಂದರೆ ಕೇಳಬೇಕಲ್ಲ? ಮತ್ತೆ ನೀರು, ಮತ್ತೆ ಪತ್ರಿ. ಮುಗಿದ ಕೂಡಲೇ ಮತ್ತೆ ಅದೇ ಮಾತು. ದಿನಕ್ಕೆ ನಾಲ್ಕು ಸಲ, ಐದು ಸಲ ಪೂಜೆಗೆ ಅಣಿ ಮಾಡಿದ್ದೇನೆ. ಹಿತ್ತಲಿನ ಪತ್ರಿ ಗಿಡ ಬೋಳಾಗಿದೆ, ಬಂದಾಗ ನೋಡಿ.

ಹಲ್ಲುಜ್ಜಲು ಹೋದರೂ ಅದೇ ಮಾತು. ನಮ್ಮ ಮನೆಯಲ್ಲಿ ಹಲ್ಲುಜ್ಜಿ, ಮೈ ತೊಳೆದ ಮೇಲಲ್ಲವೇ ಪೂಜೆ? ಪೂಜೆಯಾಗಿಲ್ಲ ಎಂದು ಹಲ್ಲುಜ್ಜದವರನ್ನು ಎಲ್ಲಿ ಕಂಡಿದ್ದೇವೆ! ಅಷ್ಟು ಸಣ್ಣ ಮಾತು ನನಗೂ ಹೊಳೆಯಲಿಲ್ಲ, ಫೋನಿನಲ್ಲಿ ಕೇಳಿಸಿಕೊಂಡ ನಿಮಗೂ ಹೊಳೆಯಲಿಲ್ಲ. ನೀವು ಹೇಳಿದ್ದು ನೆನಪಿದೆಯೇ? "ಅವ್ವನ ನೇಮ ಮುರಿಬ್ಯಾಡ. ಆಕಿ ಪುಣ್ಯೇದಾಗ ಮನಿ ನಿಂತೈತಿ." ಆಯಿತು ಎಂದೆ. ನಿಜ ಹೇಳಬೇಕೆಂದರೆ ಬ್ರಷ್ ಕೆಳಗಿಡಲು ನಿಮ್ಮ ಅಪ್ಪಣೆ ಸಿಕ್ಕಿತಲ್ಲ ಎಂದು ಒಳಗೊಳಗೇ ಹಗುರಾದೆ. ಮಗುವಾದರೆ ತೊಡೆಯ ಮೇಲೆ ಕೆಡವಿಕೊಂಡು ತಿಕ್ಕಬಹುದು. ಅತ್ತೆಯನ್ನು ಹಾಗೆ ಮಾಡಲಾದೀತೇ?

ರೊಟ್ಟಿ ಬಿಟ್ಟರು, ಅನ್ನ ಬಿಟ್ಟರು. ಹಾಲಿನಲ್ಲಿ ನೆನೆಸಿ ಕಿವುಚಿದ ರೊಟ್ಟಿ ನಾಲ್ಕು ಚಮಚ ಹೋದರೆ ಆ ದಿನ ದೊಡ್ಡ ದಿನ. ಕೈಯ ಬಳೆ ಮೊಣಕೈತನಕ ಜಾರುತ್ತಿದೆ. ಇಷ್ಟರ ಮೇಲೆ ವಿಭೂತಿಯನ್ನು ಹಣೆ ಬಿಟ್ಟು ಎಡಗೆನ್ನೆಗೆ ಬಳಿದುಕೊಳ್ಳತೊಡಗಿದರು, ನೀರಲ್ಲಿ ಕಲೆಸಿ, ದಪ್ಪಗೆ, ಗೋಡೆಗೆ ಸುಣ್ಣ ಬಳಿದ ಹಾಗೆ. ದಸರೆಯ ದಿನ ಬನ್ನಿ ಕೊಡಲು ಬಂದ ಓಣಿಯವರೆಲ್ಲ ಕಣ್ಣರಳಿಸಿ ನೋಡಿದರು. ಎದುರುಮನೆಯ ಮುದಕಮ್ಮ ಕಾಲಿಗೆ ಬಿದ್ದೆದ್ದು ನನಗೆ ಹೇಳಿದಳು: "ನಿಮ್ಮತ್ತಿ ಅನ್ನ ನೀರಿನ ಹಂಗ ಬಿಟ್ಟಾಳ ನೋಡ. ಶರಣಿ ಆಗ್ಯಾಳ. ನಿನ್ನ ಪುಣ್ಯ ದೊಡ್ಡದೈತಿ ಭವಾನಿ, ಇಂಥಾಕಿ ಸೇವಾ ಸಿಕ್ಕೈತಿ." ಅವಳ ಹಿಂದೆ ಹನ್ನೆರಡು ಜನ ಅಡ್ಡಬಿದ್ದರು. ಅತ್ತೆ ಪಾಪ, ಯಾರ ಮುಖವೂ ಗುರುತಾಗದೆ ಕೆನ್ನೆಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು. ನಾನೂ ಬಂದವರಿಗೆ ಚಹಾ ಕೊಡುತ್ತ ಸುಮ್ಮನೆ ನಕ್ಕೆ. ಅವರು ಹೇಳುವುದೇ ನಿಜವಾದರೆ ಇರಲಿ, ಪುಣ್ಯವಾದರೂ ಬರಲಿ ಎನಿಸಿತು. ದಣಿದವರಿಗೆ ಏನು ಹೇಳಿದರೂ ನಂಬಬೇಕು ಅನಿಸುತ್ತದೆ ರೀ.

ಮರುದಿನ ಮುಖ ತೊಳೆಸುವಾಗ ಆ ವಿಭೂತಿಯ ಕೆಳಗೆ ಕೆನ್ನೆ ಬಾತಿದ್ದು ಕಂಡಿತು, ಲಿಂಬೆಹಣ್ಣು ಒಳಗಿಟ್ಟುಕೊಂಡಂತೆ. ಮುಟ್ಟಿದರೆ ಬೆಂಕಿ. ಬಾಯಿಯಿಂದ ಕೊಳೆತ ವಾಸನೆ ಬರುತ್ತಿತ್ತು. ಆಟೋ ತರಿಸಿ ಬಸ್‌ಸ್ಟ್ಯಾಂಡ್ ಹತ್ತಿರದ ಹಲ್ಲಿನ ಡಾಕ್ಟರ್ ನಿಶಾತ ಅವರಲ್ಲಿಗೆ ಕರೆದೊಯ್ದೆ. ಚಿಕ್ಕ ವಯಸ್ಸಿನ ಹೆಣ್ಣುಮಗಳು, ಆದರೆ ಸಮಾಧಾನ ಭಾಳ. ಆ ದೊಡ್ಡ ಒರಗುಕುರ್ಚಿ ಕಂಡು ಅತ್ತೆ ಬಾಗಿಲಲ್ಲೇ ಚೌಕಟ್ಟು ಹಿಡಿದು ನಿಂತರು. ಡಾಕ್ಟರ್ ಒತ್ತಾಯ ಮಾಡಲಿಲ್ಲ. ಹೊರಗಿನ ಬೆಂಚಿನ ಮೇಲೆ ಬಂದು ಪಕ್ಕ ಕೂತು, ಬಳೆ ಎಲ್ಲಿಯವು, ತವರೂರು ಯಾವುದು ಎಂದು ಅರ್ಧ ತಾಸು ಮಾತಾಡಿಸಿದರು. ಕುಕನೂರು ಎಂದು ಅತ್ತೆ ಬಾಯಿ ತೆರೆದಾಗ ಸಣ್ಣ ಟಾರ್ಚ್ ಹಿಡಿದು ನೋಡಿಬಿಟ್ಟರು. ಎಡಗಡೆಯ ಎರಡು ದವಡೆಹಲ್ಲು ಬೇರಿನತನಕ ಕೊಳೆತು ಕೀವು ತುಂಬಿದೆಯಂತೆ. ಇದು ಒಂದೆರಡು ತಿಂಗಳಿನದಲ್ಲ, ಭಾಳ ದಿನದ್ದು ಎಂದರು.

ಊಟ ಬಿಟ್ಟದ್ದು ನೇಮಕ್ಕೆ ಎಂದುಕೊಂಡಿದ್ದೆವು ಎಂದು ನಾನು ತಲೆ ತಗ್ಗಿಸಿ ಹೇಳಿದೆ. ಅವರು ಬೈಯಲಿಲ್ಲ, ಬೈದಿದ್ದರೆ ಚೆನ್ನಾಗಿತ್ತು. "ಇಂಥವ್ರಿಗೆ ಹಲ್ಲು ನೋಯ್ತೈತಿ ಅಂತ ಹೇಳಾಕ ಬರಂಗಿಲ್ರೀ ಅಕ್ಕಾರ. ಊಟ ಬಿಡೋದು, ಕೈ ಝಾಡಸೋದು, ಕಚ್ಚೋದು, ಅದ ಅವ್ರು ಹೇಳೋ ರೀತಿ," ಎಂದರು. ಬಾವು ಇಳಿಯಲು ಗುಳಿಗೆ ಕೊಟ್ಟಿದ್ದಾರೆ. ಇಳಿದ ಮೇಲೆ ಎರಡೂ ಹಲ್ಲು ಕೀಳಬೇಕು, ವಯಸ್ಸು ಮತ್ತು ಬಿಪಿಯ ಕಾರಣಕ್ಕೆ ಕೊಪ್ಪಳದ ದೊಡ್ಡ ಆಸ್ಪತ್ರೆಯಲ್ಲೇ ಆಗಬೇಕಂತೆ. ಸೋಮವಾರ ಇಪ್ಪತ್ತೆಂಟಕ್ಕೆ ಬರಲು ಹೇಳಿದ್ದಾರೆ. ಅತ್ತೆ ಎಚ್ಚರದಲ್ಲಿದ್ದಾಗಲೇ ಸೂಜಿ ಕೊಟ್ಟು ಕೀಳುತ್ತಾರೆ, ಗಾಬರಿಯಾಗಿ ತಲೆ ಕೊಡವಿದರೆ ಕಷ್ಟ, ಅವರು ನಂಬುವವರೊಬ್ಬರು ಕೈ ಹಿಡಿದು ಮುಖದ ಹತ್ತಿರವೇ ಕೂತಿರಬೇಕು ಎಂದು ಎರಡು ಸಲ ಹೇಳಿದರು. ಬಿಟ್ಟರೆ ಕೀವು ರಕ್ತಕ್ಕೆ ಸೇರೀತು ಎಂದೂ ಹೇಳಿದರು.

ಮನೆಯಲ್ಲಿ ಹಲ್ಲುಜ್ಜುವುದನ್ನೂ ಹೇಳಿಕೊಟ್ಟರು. ಎದುರಿಗೆ ನಿಂತು ಬ್ರಷ್ ಬಾಯಿಗೆ ಒಡ್ಡಬಾರದಂತೆ, ಹೊಡೆಯಲು ಬಂದ ಹಾಗೆ ಕಾಣುತ್ತದಂತೆ. ಪಕ್ಕದಲ್ಲಿ ಕೂತು, ಮಕ್ಕಳ ಮೆತ್ತನೆಯ ಬ್ರಷನ್ನು ಅವರ ಕೈಯಲ್ಲೇ ಕೊಟ್ಟು, ಅವರ ಕೈಯ ಮೇಲೆ ನಮ್ಮ ಕೈಯಿಟ್ಟು ಮೆಲ್ಲಗೆ ಆಡಿಸಬೇಕು. ನೋವಿಲ್ಲದ ಕಡೆಯಿಂದ ಶುರು ಮಾಡಬೇಕು. ಬೇಡವೆಂದರೆ ಬಿಟ್ಟು, ಸ್ವಲ್ಪ ಹೊತ್ತಿನ ಮೇಲೆ ಮತ್ತೆ ನೋಡಬೇಕು. ಒಂದು ವಾರದಿಂದ ಮಾಡುತ್ತಿದ್ದೇನೆ. ಮುಂದಿನ ನಾಲ್ಕು ಹಲ್ಲು ಆಗುತ್ತವೆ, ಅಷ್ಟರಲ್ಲಿ ನನ್ನ ಸೀರೆಯೆಲ್ಲ ಒದ್ದೆ. ಗುಳಿಗೆಗೆ ಬಾವು ಅರ್ಧ ಇಳಿದಿದೆ. ನಿನ್ನೆ ಒಂದು ಬಟ್ಟಲು ಗಂಜಿ ಕುಡಿದರು, ಪೂಜೆಯ ಮಾತೆತ್ತಲಿಲ್ಲ. ಮುದಕಮ್ಮನಿಗೆ ವಿಷಯ ಹೇಳಿದರೆ ಅವಳಿಗೆ ಬೇಜಾರು, ಶರಣೆಯೊಬ್ಬಳು ಕೈತಪ್ಪಿ ಹೋದಳಲ್ಲ ಎಂದು.

ನಿಮ್ಮ ಮೈ ಜೋಪಾನ. ಮಷೀನಿನ ಮೇಲೆ ಕೂತಾಗ ಬಾಯಿಗೆ ಟವೆಲ್ ಕಟ್ಟಿಕೊಳ್ಳಿ, ಹೊಟ್ಟಿನ ಧೂಳು ಎದೆಗೆ ಇಳಿಯುತ್ತದೆ. ಕೆಲಸದವರಿಗೆಲ್ಲ ನಮಸ್ಕಾರ ತಿಳಿಸಿ. ಅತ್ತೆಯ ಆಶೀರ್ವಾದ ಬರೆಯಬೇಕೆಂದು ಕೇಳಿದೆ, ಯಾರಿಗೆ ಎಂದರು. ನಿಮ್ಮ ಮಗನಿಗೆ ಎಂದೆ. "ಛಲೋ ಇರ್ಲಿ" ಎಂದರು.

ನಿಮ್ಮ
ಭವಾನಿ

ತಾ.ಕ.: ಬೆಳಗಾಯಿತು. ಯಮನೂರ ಬಾಗಿಲಲ್ಲಿ ಗಾಡಿ ನಿಲ್ಲಿಸಿ ಹಾರ್ನ್ ಹೊಡೆಯುತ್ತಿದ್ದಾನೆ, ಇದನ್ನು ಬರೆಯದೆ ಮಡಚಿಬಿಡಬೇಕೆಂದಿದ್ದೆ, ಆಗಲಿಲ್ಲ. ನೀವು ಹೋದ ಎರಡನೇ ವಾರ, ಒಂದು ಬೆಳಿಗ್ಗೆ ಹಲ್ಲುಜ್ಜುವಾಗ ಅತ್ತೆ ನನ್ನ ಬೆರಳು ಕಚ್ಚಿದರು, ರಕ್ತ ಬಂತು. ನಾನು ಹೊಡೆದೆ. ಎಡಗೆನ್ನೆಗೆ, ಆ ಹಲ್ಲುಗಳ ಮೇಲೇ, ಜೋರಾಗಿ. ಅವರು ಸೆರಗಿನಿಂದ ಬಾಯಿ ಮುಚ್ಚಿಕೊಂಡು "ಇನ್ನೂ ಪೂಜಿ ಆಗಿಲ್ಲವ್ವಾ, ಬಿಡವ್ವಾ" ಎಂದರು. ಆ ಮಾತು ಶುರುವಾದದ್ದು ಅವತ್ತೇ, ಅದಕ್ಕಿಂತ ಮೊದಲು ಒಂದು ದಿನವೂ ಅಂದಿರಲಿಲ್ಲ. ನೇಮವೂ ಅಲ್ಲ, ಏನೂ ಅಲ್ಲ, ನನ್ನಿಂದ ತಪ್ಪಿಸಿಕೊಳ್ಳಲು ಆಡಿದ ಮಾತು ಅದು. ಡಾಕ್ಟರಿಗೂ ಹೇಳಿಲ್ಲ. ಬೈಯಿರಿ, ತವರಿಗೆ ನಡೆ ಎನ್ನಿ, ಆದರೆ ಇಪ್ಪತ್ತೆಂಟಕ್ಕೆ ಮೊದಲು ಬನ್ನಿ. ಕೊಪ್ಪಳದಲ್ಲಿ ಅವರ ಮುಖದ ಹತ್ತಿರ ನಾನು ಕೂರಲಾರೆ. ಹೊಡೆದದ್ದು ಯಾರು, ಯಾವಾಗ ಎಂದು ಅವರಿಗೆ ನೆನಪಿಲ್ಲ. ಆದರೆ ನನ್ನ ಕೈ ಮೇಲೆದ್ದರೆ, ತಲೆ ಬಾಚಲು ಎದ್ದರೂ, ಕಣ್ಣು ಮುಚ್ಚಿಕೊಳ್ಳುತ್ತಾರೆ.